ಹಳೆಯ ಕಡಲಿನ ಉಪ್ಪನ್ನು ಅಳೆದ ವಿದುಷಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮಳೆ ಕಡಮೆಯಾದ ಬಯಲುಸೀಮೆಗೆ ಸೇರಿದವು. ಅಲ್ಲಿನ ಕೆಲವು ತಗ್ಗು ಭೂಮಿಗಳಲ್ಲಿ ಬೇಸಗೆ ಬಂದೊಡನೆ ನೆಲದ ಮೇಲೆ ಬೆಳ್ಳನೆಯ ಪುಡಿ ಎದ್ದು ನಿಲ್ಲುತ್ತದೆ. ಇದನ್ನೇ ಚೌಳು ಎನ್ನುವರು. ಚೌಳು ನೆಲದಲ್ಲಿ ಜೋಳ, ನವಣೆಗಳು ಏಳುವುದಿಲ್ಲ. ಉಪ್ಪನ್ನು ಸಹಿಸಬಲ್ಲ ಕೆಲವು ಜಾತಿಯ ಹುಲ್ಲು, ಬಳ್ಳಾರಿ ಜಾಲಿಯಂತಹ ಗಿಡಗಳು ಮಾತ್ರ ಬದುಕುತ್ತವೆ. ಅನುಭವವುಳ್ಳ ರೈತನು ಮಣ್ಣನ್ನು ಬಾಯಿಗೆ ಹಾಕಿ ನೋಡಬೇಕಾಗಿಲ್ಲ. ಅಲ್ಲಿ ಏನು ಬೆಳೆದಿದೆಯೆಂಬುದನ್ನು ದೂರದಿಂದ ಕಂಡೇ ನೆಲದ ಗುಣವನ್ನು ಹೇಳಬಲ್ಲನು.

ನೀರಿನ ವಿಷಯದಲ್ಲಿಯೂ ಇದೇ ನಿಯಮವುಂಟು. ಸಿಹಿನೀರಿನಲ್ಲಿ ಬಾಳುವ ಜೀವಿಗಳು ಬೇರೆ, ಉಪ್ಪುನೀರಿನಲ್ಲಿ ಬಾಳುವವು ಬೇರೆ, ಎರಡೂ ಬೆರೆತ ಸವಳು ನೀರಿನಲ್ಲಿ ಬಾಳುವವು ಬೇರೆ. ಹಾಗಾದರೆ ಹತ್ತು ಸಾವಿರ ವರ್ಷಗಳ ಹಿಂದೆ ಇದ್ದ ಒಂದು ಕಡಲು ಎಷ್ಟು ಉಪ್ಪಾಗಿದ್ದಿತೆಂದು ಇಂದು ತಿಳಿಯಬಹುದೆ? ಆ ನೀರು ಎಂದೋ ಹರಿದುಹೋಗಿದೆ. ಆದರೆ ಆ ನೀರಿನಲ್ಲಿ ಬಾಳಿದ, ಕಣ್ಣಿಗೆ ಕಾಣದಷ್ಟು ಸಣ್ಣದಾದ ಜೀವಿಗಳ ಚಿಪ್ಪುಗಳು ತಳದ ಕೆಸರಿನಲ್ಲಿ ಇಂದಿಗೂ ಉಳಿದಿವೆ. ಆ ಚಿಪ್ಪುಗಳನ್ನು ಓದುವ ವಿದ್ಯೆಗೆ ತನ್ನ ದೀರ್ಘಾಯುಷ್ಯದ ಬಹುಭಾಗವನ್ನು ಮುಡಿಪಾಗಿಟ್ಟ ಮಹಿಳೆ ಸ್ವೀಡನ್ ದೇಶದ ಆಸ್ಟ್ರಿಡ್ ಕ್ಲೇವೆ.

ಆಸ್ಟ್ರಿಡ್ 1875ನೆಯ ಇಸವಿ ಜನವರಿ 22ರಂದು ಉಪ್ಸಾಲ ನಗರದಲ್ಲಿ ಜನಿಸಿದರು. ಉಪ್ಸಾಲವು ಸ್ವೀಡನ್ನಿನ ಪ್ರಾಚೀನ ವಿದ್ಯಾಕೇಂದ್ರ. ತಂದೆ ಪೆರ್ ಟಿಯೋಡೊರ್ ಕ್ಲೇವೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮಗಳಿಗೆ ನಾಲ್ಕು ವರ್ಷ ವಯಸ್ಸಾಗಿದ್ದಾಗ, 1879ರಲ್ಲಿ, ಅವರು ಹೋಲ್ಮಿಯಮ್ ಮತ್ತು ಥೂಲಿಯಮ್ ಎಂಬ ಎರಡು ಹೊಸ ಮೂಲವಸ್ತುಗಳನ್ನು ಕಂಡುಹಿಡಿದು ಲೋಕಪ್ರಸಿದ್ಧರಾದರು. ತಾಯಿ ಆಲ್ಮಾ ಲೇಖಕಿ. ಸ್ತ್ರೀಯರ ವಿದ್ಯಾಭ್ಯಾಸಕ್ಕೆ ಅಡೆತಡೆಗಳು ಬಹಳವಾಗಿದ್ದ ಆ ದಿನಗಳಲ್ಲಿ ಈ ದಂಪತಿಗಳು ತಮ್ಮ ಮೂವರು ಹೆಣ್ಣುಮಕ್ಕಳನ್ನೂ ವಿದ್ಯಾವತಿಯರನ್ನಾಗಿ ಮಾಡಿದರು. ಆಸ್ಟ್ರಿಡ್ ವಿಜ್ಞಾನಿಯಾದರೆ, ಒಬ್ಬ ತಂಗಿ ಆಗ್ನೆಸ್ ಚಿತ್ರಕಲಾವಿದೆಯಾದರು. ಮತ್ತೊಬ್ಬ ತಂಗಿ ಸೇಲಿ ಪತ್ರಿಕೋದ್ಯಮದಲ್ಲಿ ಹೆಸರು ಗಳಿಸಿದರು.

ರಸಾಯನಶಾಸ್ತ್ರವು ತಂದೆಯ ವೃತ್ತಿಯಾದರೆ ಡಯಾಟಮುಗಳ ಅಧ್ಯಯನ ಅವರ ಇನ್ನೊಂದು ಪ್ರೀತಿ. ಡಯಾಟಮುಗಳೆಂದರೆ ಏಕಕೋಶದ ಪಾಚಿಗಳು. ಕೆರೆ, ಹೊಳೆ, ಸಮುದ್ರಗಳಲ್ಲೆಲ್ಲ ಇವುಗಳ ವಾಸ. ತೇವವಾದ ಬಂಡೆಯ ಮೇಲಿನ ಕಂದುಬಣ್ಣದ ಲೋಳೆಯನ್ನು ಬೆರಳಿನಿಂದ ಒರೆಸಿದರೆ ಸಾವಿರಾರು ಡಯಾಟಮುಗಳು ಅಂಟಿಕೊಂಡು ಬಂದಾವು. ಇವುಗಳಲ್ಲಿ ಬಹುಪಾಲು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಚಿಕ್ಕವು. ನೀರಿನಲ್ಲಿ ಕರಗಿರುವ ಸಿಲಿಕವನ್ನು ಹೀರಿಕೊಂಡು ಪ್ರತಿಯೊಂದು ಡಯಾಟಮೂ ತನ್ನ ಸುತ್ತ ಗಾಜಿನಂತಹ ಕವಚವೊಂದನ್ನು ಕಟ್ಟಿಕೊಳ್ಳುತ್ತದೆ. ಕವಚಕ್ಕೆ ಎರಡು ಹೋಳುಗಳು. ಭರಣಿಗೆ ಮುಚ್ಚಳವಿದ್ದಂತೆ ಒಂದು ಹೋಳು ಇನ್ನೊಂದರ ಮೇಲೆ ಕೂಡುತ್ತದೆ. ಕೆಲವು ತಟ್ಟೆಯಂತೆ ದುಂಡಗಿವೆ, ಕೆಲವು ದೋಣಿಯಂತೆ ನೀಳವಾಗಿವೆ, ಕೆಲವು ಬಿಲ್ಲಿನಂತೆ ಬಾಗಿವೆ. ಮೇಲೆಲ್ಲ ಸಾಲುಸಾಲಾದ ರಂಧ್ರಗಳು, ಗೆರೆಗಳು. ಒಂದೊಂದು ಜಾತಿಗೂ ಒಂದೊಂದು ವಿನ್ಯಾಸ. ಪಾಚಿ ಸತ್ತು ಕೊಳೆತರೂ ಈ ಗಾಜಿನ ಹೋಳುಗಳು ಸುಲಭವಾಗಿ ಕೊಳೆಯುವುದಿಲ್ಲ. ತಳಕ್ಕೆ ಇಳಿದು, ಕೆಸರಿನೊಡನೆ ಪದರಪದರವಾಗಿ ಕೂಡಿ, ಸಾವಿರಾರು ವರ್ಷ ಹಾಗೆಯೇ ಉಳಿಯುತ್ತವೆ.

ಬಾಲಕಿ ಆಸ್ಟ್ರಿಡ್ ಬೆಳೆದುದು ಇಂತಹ ಗಾಜಿನ ಚಿಪ್ಪುಗಳ ನಡುವೆ. ಮನೆಯಲ್ಲಿಯೇ ಪಾಠ ಕಲಿತು, ಹದಿನಾರನೆಯ ವಯಸ್ಸಿನಲ್ಲಿ, 1891ರಲ್ಲಿ, ಆಕೆ ಉಪ್ಸಾಲ ವಿಶ್ವವಿದ್ಯಾನಿಲಯವನ್ನು ಸೇರಿದರು. ಉತ್ತರ ಸ್ವೀಡನ್ನಿನ ಲ್ಯಾಪ್ ಸೀಮೆಯ ಸಿಹಿನೀರಿನ ಡಯಾಟಮುಗಳನ್ನು ಕುರಿತು ಆಕೆ ಬರೆದ ಲೇಖನವು 1895ರಲ್ಲಿ ಅಚ್ಚಾಯಿತು. ಆಗ ಆಕೆಗೆ ಇಪ್ಪತ್ತು ವರ್ಷ. ಮೂರು ವರ್ಷಗಳ ತರುವಾಯ, 1898ರಲ್ಲಿ, ಬೀಜದಿಂದ ಮೊಳೆತ ಸಸಿಗಳು ಬಲಿಯುವ ರೀತಿಯನ್ನು ಕುರಿತ ಪ್ರೌಢಪ್ರಬಂಧಕ್ಕಾಗಿ ಡಾಕ್ಟೊರೇಟ್ ಪದವಿಯನ್ನು ಪಡೆದರು. ಸ್ವೀಡನ್ನಿನಲ್ಲಿ ವಿಜ್ಞಾನದಲ್ಲಿ ಈ ಪದವಿಯನ್ನು ಗಳಿಸಿದ ಮೊದಲ ಮಹಿಳೆ ಆಕೆಯೇ.

ಇಷ್ಟು ಪಾಂಡಿತ್ಯವಿದ್ದ ತರುಣಿಗೆ ವಿಶ್ವವಿದ್ಯಾನಿಲಯದ ಪೀಠವು ತಾನಾಗಿ ಒದಗಬೇಕಾಗಿದ್ದಿತು. ಆದರೆ ಆ ಕಾಲದ ಸ್ವೀಡನ್ನಿನಲ್ಲಿ ಸರ್ಕಾರದ ಉನ್ನತ ಹುದ್ದೆಗಳ ಬಾಗಿಲು ಸ್ತ್ರೀಯರಿಗೆ ಮುಚ್ಚಿದ್ದಿತು. ಅದನ್ನು ತೆರೆದ ಕಾನೂನು ಜಾರಿಗೆ ಬಂದುದು 1925ರಲ್ಲಿ. ಆ ವೇಳೆಗೆ ಆಸ್ಟ್ರಿಡ್ ಅವರಿಗೆ ಐವತ್ತು ವರ್ಷ ತುಂಬಿದ್ದಿತು. ಪದವಿ ದೊರೆತ ವರ್ಷವೇ ಆಕೆ ಸ್ಟಾಕ್‌ಹೋಮಿಗೆ ಹೋಗಿ ಅಲ್ಲಿನ ಉನ್ನತ ವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಸಹಾಯಕರಾಗಿ ಕೆಲಸಕ್ಕೆ ಸೇರಿದರು. ಅಲ್ಲಿ ಪರಿಚಯವಾದ ಹಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ ಎಂಬ ರಸಾಯನವಿಜ್ಞಾನಿಯನ್ನು 1902ರಲ್ಲಿ ವಿವಾಹವಾದರು. ದಂಪತಿಗಳು ಕೂಡಿ ಅನೇಕ ಸಂಶೋಧನ ಲೇಖನಗಳನ್ನು ಬರೆದರು. ಐವರು ಮಕ್ಕಳು ಹುಟ್ಟಿದರು. 1912ರಲ್ಲಿ ಈ ದಾಂಪತ್ಯ ಮುರಿಯಿತು. ಮುಂದೆ 1929ರಲ್ಲಿ ಹಾನ್ಸ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕ ದೊರೆಯಿತು.

ವಿಚ್ಛೇದನದ ಸುಮಾರಿನಲ್ಲಿ ಆಸ್ಟ್ರಿಡ್ ಸ್ಟಾಕ್‌ಹೋಮಿನಲ್ಲಿ ಉಪಾಧ್ಯಾಯಿನಿಯರನ್ನು ತರಬೇತು ಮಾಡುವ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರು. 1917ರಿಂದ 1923ರವರೆಗೆ ವೆರ್ಮ್‌ಲ್ಯಾಂಡ್ ಪ್ರಾಂತದ ಸ್ಕೂಗ್‌ಹಾಲ್ ಎಂಬ ಊರಿನಲ್ಲಿ, ಮರದ ಕೈಗಾರಿಕೆಗೆ ಸೇರಿದ ಪ್ರಯೋಗಶಾಲೆಗೆ ಮುಖ್ಯಸ್ಥೆಯಾಗಿದ್ದು ಮರದ ನಾರಿನ ರಸಾಯನವನ್ನು ಪರಿಶೋಧಿಸಿದರು. ಹೊಟ್ಟೆಪಾಡಿನ ಈ ಕೆಲಸಗಳಲ್ಲಿಯೂ ಆಕೆ ಶ್ರದ್ಧೆಯಿಂದಲೇ ದುಡಿದರು. ಆದರೆ ಸೂಕ್ಷ್ಮದರ್ಶಕವು ಮೇಜಿನ ಮೇಲಿಂದ ಕೆಳಗಿಳಿಯಲಿಲ್ಲ. ಸ್ವೀಡನ್ನಿನ ಸುತ್ತಣ ಕಡಲು ಆಕೆಯ ಮನಸ್ಸನ್ನು ಎಳೆಯುತ್ತಲೇ ಇದ್ದಿತು. ಆ ಕಡಲಿನ ಕಥೆ ಸೋಜಿಗದ್ದು.

ಸ್ವೀಡನ್ನಿನ ಪೂರ್ವಕ್ಕಿರುವ ಬಾಲ್ಟಿಕ್ ಸಮುದ್ರವು ಬಹುಮಟ್ಟಿಗೆ ನೆಲದಿಂದ ಸುತ್ತುವರಿದ ಒಳಗಡಲು. ಮಹಾಸಾಗರಕ್ಕೂ ಅದಕ್ಕೂ ಡೆನ್ಮಾರ್ಕಿನ ಬಳಿಯ ಕೆಲವು ಕಿರಿದಾದ ಜಲಸಂಧಿಗಳೇ ಸಂಪರ್ಕ. ಮಹಾಸಾಗರದ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದ್ದರೆ, ಬಾಲ್ಟಿಕ್ಕಿನ ನಡುಭಾಗದ ಮೇಲ್ನೀರಿನಲ್ಲಿ ಸುಮಾರು 7 ಗ್ರಾಂ ಮಾತ್ರವಿದೆ. ಉತ್ತರದ ಕೊನೆಗೆ ಹೋದಂತೆ ಅದು ಎರಡು ಮೂರು ಗ್ರಾಮಿಗೆ ಇಳಿಯುತ್ತದೆ. ಈ ಕಡಲಿನ ದಡದಲ್ಲಿ ವಾಸಿಸುವ ಜನ ಬಹುಕಾಲದಿಂದ ಒಂದು ವಿಚಿತ್ರವನ್ನು ಕಾಣುತ್ತಿದ್ದರು. ತಾತನ ಕಾಲದಲ್ಲಿ ದೋಣಿ ನಿಲ್ಲುತ್ತಿದ್ದ ಕಡೆ ಮೊಮ್ಮಗನ ಕಾಲಕ್ಕೆ ಹುಲ್ಲು ಬೆಳೆಯುತ್ತಿದ್ದಿತು. ಉಷ್ಣಮಾಪಕದ ಅಳತೆಗೆ ತನ್ನ ಹೆಸರನ್ನು ಕೊಟ್ಟ ಉಪ್ಸಾಲದ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ದಡದ ಬಂಡೆಯೊಂದರ ಮೇಲೆ ನೀರಿನ ಮಟ್ಟವನ್ನು ಕೆತ್ತಿಸಿದನು. ಸಮುದ್ರದ ನೀರು ಕಡಮೆಯಾಗುತ್ತಿದೆಯೆಂದು ಅವನ ಊಹೆ. ವಾಸ್ತವವಾಗಿ ನೀರು ಇಳಿಯುತ್ತಿರಲಿಲ್ಲ, ನೆಲವೇ ಮೇಲೇಳುತ್ತಿದ್ದಿತು.

ಇದಕ್ಕೆ ಕಾರಣ ಹಿಮಯುಗ. ಆ ಯುಗದಲ್ಲಿ ಸ್ವೀಡನ್, ಫಿನ್ಲೆಂಡ್ ಮೊದಲಾದ ನಾಡುಗಳ ಮೇಲೆ ಎರಡು ಮೂರು ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಕುಳಿತಿದ್ದಿತು. ಆ ಭಾರಕ್ಕೆ ಭೂಮಿಯ ಹೊರಪದರವು ತಗ್ಗಿಹೋಗಿದ್ದಿತು. ಮಂಜು ಕರಗಿ ಭಾರವಿಳಿದ ಮೇಲೆ ನೆಲವು ಮೆಲ್ಲಮೆಲ್ಲನೆ ಏಳತೊಡಗಿತು. ಮಲಗಿದ್ದವನು ಎದ್ದುಹೋದ ಮೇಲೆ ಹತ್ತಿಯ ಹಾಸಿಗೆ ಸಾವಕಾಶವಾಗಿ ಉಬ್ಬಿಕೊಳ್ಳುವಂತೆ ಇದನ್ನು ಭಾವಿಸಬಹುದು. ಬಾಲ್ಟಿಕ್ಕಿನ ಉತ್ತರ ಭಾಗದಲ್ಲಿ ಇಂದಿಗೂ ನೆಲವು ವರ್ಷಕ್ಕೆ ಎಂಟು ಒಂಬತ್ತು ಮಿಲಿಮೀಟರಿನಷ್ಟು ಏಳುತ್ತಿದೆ. ಸ್ವೀಡನ್ನಿನ ಒಂದು ಭಾಗದಲ್ಲಿ ಹಳೆಯ ಸಮುದ್ರತೀರದ ಗುರುತು ಈಗಿನ ಸಮುದ್ರಮಟ್ಟಕ್ಕಿಂತ 280 ಮೀಟರಿಗೂ ಮೇಲೆ, ಬೆಟ್ಟದ ನೆತ್ತಿಯ ಬಳಿ, ಕಾಣಸಿಗುತ್ತದೆ.

ಕರಗಿದ ನೀರಿನಿಂದ ಸಾಗರವು ಒಂದು ಕಡೆ ತುಂಬುತ್ತಿರಲು, ಇನ್ನೊಂದು ಕಡೆ ಏಳುವ ನೆಲವು ಸಾಗರದ ದಾರಿಯನ್ನು ಮುಚ್ಚುತ್ತಿದ್ದಿತು. ಈ ಎರಡರ ಪೈಪೋಟಿಯಲ್ಲಿ ಬಾಲ್ಟಿಕ್ ಒಂದು ಸಲ ಕೆರೆಯಾಯಿತು, ಮತ್ತೊಂದು ಸಲ ಕಡಲಾಯಿತು. ಮೊದಲು ಮಂಜುಗಡ್ಡೆಯ ಅಂಚಿನಲ್ಲಿ ಕಟ್ಟಿಕೊಂಡ ದೊಡ್ಡದೊಂದು ಸಿಹಿನೀರಿನ ಸರೋವರವಿದ್ದಿತು. ಸುಮಾರು 11,700 ವರ್ಷಗಳ ಹಿಂದೆ ಮಂಜು ಹಿಂದೆ ಸರಿದು ದಾರಿ ಬಿಡಲು, ಆ ಸರೋವರದ ನೀರು ಸುಮಾರು 25 ಮೀಟರಿನಷ್ಟು ಒಮ್ಮೆಲೆ ಇಳಿದು ಸಾಗರದ ಮಟ್ಟಕ್ಕೆ ಬಂದಿತು. ಮಧ್ಯ ಸ್ವೀಡನ್ನಿನ ಮೂಲಕ ಉಪ್ಪುನೀರು ಒಳಹೊಕ್ಕಿತು. ಕೆಸರಿನಲ್ಲಿ ದೊರೆತ ಒಂದು ಚಿಪ್ಪುಜೀವಿಯ ಹೆಸರಿನಿಂದ ಇದಕ್ಕೆ ಯೋಲ್ಡಿಯ ಸಮುದ್ರವೆಂದು ಹೆಸರು. ನೆಲವೆದ್ದು ಆ ದಾರಿ ಮುಚ್ಚಿದಾಗ ಮತ್ತೆ ಸಿಹಿನೀರಿನ ಆಂಕಿಲಸ್ ಸರೋವರ. ಈ ಹೆಸರನ್ನು ಸಿಹಿನೀರಿನ ಪುಟ್ಟ ಬಸವನಹುಳುವೊಂದರಿಂದ ಹೆನ್ರಿಕ್ ಮುಂಟೆ ಎಂಬ ಭೂವಿಜ್ಞಾನಿ 1887ರಲ್ಲಿ ಕೊಟ್ಟನು. ಬಳಿಕ ಡೆನ್ಮಾರ್ಕಿನ ಕಡೆಯಿಂದ ಸಾಗರವು ನುಗ್ಗಿ, ಇಂದಿಗಿಂತಲೂ ಹೆಚ್ಚು ಉಪ್ಪಾದ ಲಿಟೊರಿನ ಸಮುದ್ರವಾಯಿತು. ಅದು ಕ್ರಮೇಣ ತಿಳಿಯಾಗುತ್ತ ಇಂದಿನ ಬಾಲ್ಟಿಕ್ ಆಗಿದೆ.

ಇಷ್ಟನ್ನು ದೊಡ್ಡ ಚಿಪ್ಪುಗಳಿಂದ ಮಾತ್ರವೇ ಅರಿಯುವುದು ಕಷ್ಟ. ಮಂಜಿನ ಬಳಿಯ ತಣ್ಣೀರಿನಲ್ಲಿ ಬಸವನಹುಳುಗಳೂ ಕಪ್ಪೆಚಿಪ್ಪುಗಳೂ ವಿರಳ. ಎಷ್ಟೋ ಮಣ್ಣಿನ ಪದರಗಳಲ್ಲಿ ಅವು ಸಿಗುವುದೇ ಇಲ್ಲ. ಡಯಾಟಮುಗಳಾದರೋ ಉಗುರಿನಷ್ಟು ಮಣ್ಣಿನಲ್ಲಿ ಲಕ್ಷಗಟ್ಟಲೆ ದೊರೆಯಬಹುದು. ಹಿಮಾನಂತರದ ಮಣ್ಣುಗಳನ್ನು ಅವುಗಳಲ್ಲಿನ ಡಯಾಟಮುಗಳ ಆಧಾರದಿಂದ ವಿಂಗಡಿಸುವ ಪ್ರಯತ್ನವನ್ನು ಪೆರ್ ಟಿಯೋಡೊರ್ ಕ್ಲೇವೆ 1899ರಲ್ಲಿಯೇ ಮಾಡಿದ್ದರು. 1905ರಲ್ಲಿ ಅವರು ತೀರಿಕೊಂಡರು. ತಂದೆಯು ಬಿಟ್ಟುಹೋದ ಎಳೆಯನ್ನು ಮಗಳು ಕೈಗೆತ್ತಿಕೊಂಡರು.

ಕೆಲಸದ ಕ್ರಮ ಹೀಗೆ. ಕೆರೆಯ ಅಥವಾ ಜೌಗಿನ ತಳಕ್ಕೆ ಕೊಳವೆಯನ್ನು ಇಳಿಸಿ ಮಣ್ಣಿನ ಉದ್ದನೆಯ ಕಂಬವೊಂದನ್ನು ಮೇಲೆತ್ತುತ್ತಾರೆ. ಕೆಳಗಿನದು ಹಳೆಯ ಮಣ್ಣು, ಮೇಲಿನದು ಹೊಸದು. ಅದರ ಒಂದೊಂದು ಎತ್ತರದಿಂದಲೂ ಚಿಟಿಕೆ ಮಣ್ಣನ್ನು ತೆಗೆದು ಆಮ್ಲದಲ್ಲಿ ಕಾಯಿಸುತ್ತಾರೆ. ಸುಣ್ಣವೂ ಕೊಳೆತ ಗಿಡಗಂಟಿಯ ಅಂಶವೂ ಕರಗಿಹೋಗುತ್ತವೆ. ಗಾಜಿನ ಚಿಪ್ಪುಗಳು ಉಳಿಯುತ್ತವೆ. ಅವನ್ನು ಪುನಃಪುನಃ ತೊಳೆದು, ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ನೂರಾರು ಚಿಪ್ಪುಗಳನ್ನು ಜಾತಿವಾರು ಎಣಿಸುತ್ತಾರೆ. ಬಳಿಕ ಸಿಹಿನೀರಿನವು ಇಷ್ಟು, ಸವಳು ನೀರಿನವು ಇಷ್ಟು, ಸಮುದ್ರದವು ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಯಾವ ಜಾತಿ ಎಷ್ಟು ಉಪ್ಪನ್ನು ಸಹಿಸುತ್ತದೆಂಬುದನ್ನು ಮಾತ್ರ ಇಂದು ಬದುಕಿರುವ ಡಯಾಟಮುಗಳಿಂದಲೇ ಕಲಿಯಬೇಕು. ಬರ್ಲಿನ್ನಿನ ಹತ್ತಿರದ ಸ್ಪೆರೆನ್‌ಬರ್ಗ್ ಎಂಬಲ್ಲಿನ ಉಪ್ಪುನೀರಿನ ನೆಲದಲ್ಲಿ ಶೋಧಿಸಿ, ಕೋಲ್ಬೆ ಎಂಬ ವಿಜ್ಞಾನಿ 1927ರಲ್ಲಿ ಇಂತಹ ವರ್ಗೀಕರಣವೊಂದನ್ನು ಪ್ರಕಟಿಸಿದನು. ಈ ಲೆಕ್ಕಾಚಾರವನ್ನು ಅನುಸರಿಸಿದರೆ ಮಣ್ಣಿನ ಕಂಬದ ಒಂದು ಭಾಗದಲ್ಲಿ ದೊಡ್ಡ ಸರೋವರಗಳ ಡಯಾಟಮುಗಳೇ ತುಂಬಿರುವುದೂ, ಅದರ ಮೇಲಿನ ಕೆಲವೇ ಸೆಂಟಿಮೀಟರುಗಳಲ್ಲಿ ಸವಳು ನೀರಿನ ಜಾತಿಗಳು ತಲೆಯೆತ್ತುವುದೂ ಕಾಣುತ್ತದೆ. ಸಾಗರವು ಒಳನುಗ್ಗಿದುದು ಆ ಕೆಲವು ಸೆಂಟಿಮೀಟರುಗಳಲ್ಲಿ ಬರೆದಿಟ್ಟಂತಿದೆ. ಯೋಲ್ಡಿಯ ಸಮುದ್ರವೆಂಬ ಹೆಸರಿದ್ದರೂ ಅದು ನಿಜವಾಗಿ ಸವಳಾಗಿದ್ದುದು ಬಹು ಸ್ವಲ್ಪ ಕಾಲ ಮಾತ್ರವೆಂಬುದೂ ಇಂತಹ ಎಣಿಕೆಗಳಿಂದಲೇ ಖಚಿತವಾಯಿತು.

ಈ ವಿದ್ಯೆಯಲ್ಲಿ ಒಂದು ತೊಡಕುಂಟು. ಚಿಪ್ಪುಗಳು ಬಲು ಹಗುರ. ಹಳೆಯ ಪದರವನ್ನು ಹೊಳೆಯೊಂದು ಕೊರೆದರೆ ಅಲ್ಲಿನ ಚಿಪ್ಪುಗಳು ತೇಲಿಹೋಗಿ ಹೊಸ ಪದರದಲ್ಲಿ ಸೇರಿಕೊಳ್ಳಬಹುದು. ಆಗ ಸಿಹಿನೀರಿನ ಮಣ್ಣಿನಲ್ಲಿ ಸಮುದ್ರದ ಸಾಕ್ಷಿಗಳು ಕಾಣಿಸಿಕೊಂಡು ನೋಡುವವರನ್ನು ದಾರಿತಪ್ಪಿಸುತ್ತವೆ. ಆದುದರಿಂದ ಒಂದೇ ಚಿಪ್ಪುಗಳ ಪಟ್ಟಿಯನ್ನು ಇಬ್ಬರು ವಿದ್ವಾಂಸರು ಎರಡು ಬಗೆಯಾಗಿ ಓದಬಹುದು. ಆಸ್ಟ್ರಿಡ್ ಅವರ ಬಾಳಿನ ದೊಡ್ಡ ವಿವಾದವು ಹುಟ್ಟಿದುದು ಇಂತಹ ಓದಿನ ವ್ಯತ್ಯಾಸದಿಂದ.

1923ರಲ್ಲಿ ಆಕೆ ಉತ್ತರದ ನಾಡುಗಳ ನೆಲಮಟ್ಟದ ಏರಿಳಿತವನ್ನು ಕುರಿತು ದೀರ್ಘವಾದ ಲೇಖನವೊಂದನ್ನು ಪ್ರಕಟಿಸಿದರು. ಮಂಜಿನ ಭಾರ ಇಳಿದ ಮೇಲೆ ನೆಲವು ಒಂದೇ ಸಮನೆ ಏಳುತ್ತ ಬಂದಿದೆಯೆಂಬುದು ಹೆಚ್ಚಿನ ಭೂವಿಜ್ಞಾನಿಗಳ ಮತ. ಆಸ್ಟ್ರಿಡ್ ಇದನ್ನು ಒಪ್ಪಲಿಲ್ಲ. ನೆಲವು ಅಲೆಯಂತೆ ಹಲವು ಸಲ ಎದ್ದು, ಹಲವು ಸಲ ಇಳಿದಿದೆಯೆಂದು ಆಕೆಯ ವಾದ. ಈ ಮತಕ್ಕೆ ಬೆಂಬಲ ಬಹಳ ಕಡಮೆ. ಪರಾಗಕಣಗಳ ಅಧ್ಯಯನದಿಂದ ಪ್ರಖ್ಯಾತರಾಗಿದ್ದ ಲೆನಾರ್ಟ್ ಫಾನ್ ಪೋಸ್ಟ್ ಅವರಂತಹ ಪ್ರಬಲರು ಎದುರುಪಕ್ಷದಲ್ಲಿದ್ದರು. ಡೆಗೆರ್ಫೋರ್ಸ್ ಎಂಬ ಊರಿನ ಬಳಿ ಬಂಡೆಗಳಲ್ಲಿ ಕೊರೆದಿರುವ ದೊಡ್ಡ ದೊಡ್ಡ ಗುಂಡಿಗಳನ್ನು ಕಂಡು, ಆಂಕಿಲಸ್ ಸರೋವರದ ನೀರೆಲ್ಲ ಇಲ್ಲಿ ಮಹಾನದಿಯಾಗಿ ಧುಮುಕುತ್ತಿದ್ದಿತೆಂದು ಫಾನ್ ಪೋಸ್ಟ್ ಸಾರಿದರು. ಆ ಜಲಪಾತದ ಚಿತ್ರವು ಜನರ ಮನಸ್ಸನ್ನು ಸೆರೆಹಿಡಿಯಿತು. ಆಸ್ಟ್ರಿಡ್ ಮಾತ್ರ ಅದನ್ನು ನಂಬಲಿಲ್ಲ, ನಂಬುವುದಿಲ್ಲವೆಂದು ಬರೆಯುವುದನ್ನು ಬಿಡಲೂ ಇಲ್ಲ. ವಿಶ್ವವಿದ್ಯಾನಿಲಯದಲ್ಲಿ ಪೀಠವಿಲ್ಲದ, ಶಿಷ್ಯವರ್ಗವಿಲ್ಲದ ಒಬ್ಬ ಮಹಿಳೆಯು ತನ್ನ ಕಾಲದ ಪ್ರಮುಖ ಭೂವಿಜ್ಞಾನಿಗಳೊಡನೆ ದಶಕಗಳ ಕಾಲ ವಾದ ಹೂಡಿದುದು ಅಂದಿಗೆ ಸಾಮಾನ್ಯ ಸಂಗತಿಯಲ್ಲ. ಆಕೆಯ ಬರವಣಿಗೆಯಲ್ಲಿ ಹಠವೂ ಇದ್ದಿತೆಂಬುದನ್ನು ಅಲ್ಲಗಳೆಯಲಾಗದು.

ಕಾಲವು ಈ ವ್ಯಾಜ್ಯವನ್ನು ಇಬ್ಬರಿಗೂ ಪಾಲು ಮಾಡಿ ತೀರಿಸಿತು. ಡೆಗೆರ್ಫೋರ್ಸಿನ ಗುಂಡಿಗಳು ಬಹುಪಾಲು ಮಂಜುಗಡ್ಡೆಯ ಕೆಳಗೆ ಹರಿದ ನೀರಿನ ಕೆಲಸವೆಂಬ ಅಭಿಪ್ರಾಯ ಮುಂದೆ ಬಲವಾಯಿತು. ಮಹಾನದಿಯ ಕಲ್ಪನೆ ಕಳೆಗುಂದಿತು. ಹಾಗೆಯೇ ನೆಲವು ಅಲೆಯಂತೆ ಏರಿಳಿಯಿತೆಂಬ ಆಸ್ಟ್ರಿಡ್ ಅವರ ಮತವೂ ನಿಲ್ಲಲಿಲ್ಲ.

ವಾದದ ಗದ್ದಲದ ನಡುವೆಯೂ ಎಣಿಕೆಯ ಕೆಲಸ ಎಡೆಬಿಡದೆ ಸಾಗಿದ್ದಿತು. ಉಪ್ಸಾಲಕ್ಕೆ ಹಿಂದಿರುಗಿದ ಆಸ್ಟ್ರಿಡ್, ಹಕ್ಕಿಗಳಿಗೆ ಹೆಸರಾದ ಟೋಕೆರ್ನ್ ಸರೋವರದ ಡಯಾಟಮುಗಳನ್ನು ಕುರಿತ ಗ್ರಂಥವನ್ನು 1932ರಲ್ಲಿ ಹೊರತಂದರು. ಡಯಾಟಮುಗಳು ಭೂಚರಿತ್ರೆಯ ಸೂಚಕಗಳಾಗುವ ಬಗೆಯನ್ನು 1944ರ ಲೇಖನದಲ್ಲಿ ವಿವರಿಸಿದರು. ಆಮೇಲೆ, ಹೆಚ್ಚಿನವರು ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷಗಳಾಗಿರುವ ವಯಸ್ಸಿನಲ್ಲಿ, ಆಕೆಯ ಮಹಾಕೃತಿ ಬೆಳಕು ಕಂಡಿತು. ಸ್ವೀಡನ್ ಮತ್ತು ಫಿನ್ಲೆಂಡ್ ದೇಶಗಳ ಡಯಾಟಮುಗಳನ್ನು ಕುರಿತು ಜರ್ಮನ್ ಭಾಷೆಯಲ್ಲಿ ಬರೆದ ಈ ಗ್ರಂಥವನ್ನು ಸ್ವೀಡನ್ನಿನ ರಾಜ ವಿಜ್ಞಾನ ಅಕಾಡೆಮಿಯು 1951ರಿಂದ 1955ರೊಳಗೆ ಐದು ಭಾಗಗಳಲ್ಲಿ ಪ್ರಕಟಿಸಿತು. ಇಂದು ಬದುಕಿರುವ ಜಾತಿಗಳೊಡನೆ ಮಣ್ಣಿನಲ್ಲಿ ಹುದುಗಿರುವ ಜಾತಿಗಳನ್ನೂ ಅದರಲ್ಲಿ ಚಿತ್ರಸಹಿತ ವರ್ಣಿಸಲಾಗಿದೆ. ಕಡೆಯ ಭಾಗ ಅಚ್ಚಾದ ವರ್ಷ ಆಸ್ಟ್ರಿಡ್ ಅವರಿಗೆ ಎಂಬತ್ತು ತುಂಬಿತು. ಅದೇ ವರ್ಷ ಸರ್ಕಾರವು ಆಕೆಗೆ ಪ್ರೊಫೆಸರ್ ಎಂಬ ಬಿರುದನ್ನಿತ್ತು ಗೌರವಿಸಿತು. ಪಾಠ ಹೇಳುವ ಪೀಠವಲ್ಲ, ಬಿರುದು ಮಾತ್ರ. ಅದೂ ಡಾಕ್ಟೊರೇಟ್ ಪಡೆದ 57 ವರ್ಷಗಳ ಮೇಲೆ!

ಸೂಕ್ಷ್ಮಜೀವಿಗಳ ಅವಶೇಷಗಳಿಂದ ಅಳಿದ ಕಡಲುಗಳನ್ನು ಅರಿಯುವ ಈ ವಿದ್ಯೆ ಕನ್ನಡನಾಡಿಗೆ ಹೊಸತಲ್ಲ. ಆಸ್ಟ್ರಿಡ್ ಬಾಲ್ಟಿಕ್ಕಿನ ಮಣ್ಣನ್ನು ಶೋಧಿಸುತ್ತಿದ್ದ ವರ್ಷಗಳಲ್ಲಿಯೇ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ಪ್ರಾಧ್ಯಾಪಕ ಎಲ್. ರಾಮರಾಯರು ತಿರುಚಿರಾಪಳ್ಳಿ ಸೀಮೆಯ ಸುಣ್ಣಕಲ್ಲುಗಳಲ್ಲಿ ಹುದುಗಿದ್ದ ಪಾಚಿಗಳನ್ನು ಪರಿಶೀಲಿಸುತ್ತಿದ್ದರು. ಆಸ್ಟ್ರಿಯ ದೇಶದ ಜೂಲಿಯಸ್ ಪಿಯಾ ಅವರೊಡನೆ ಕೂಡಿ ರಾಯರು ಬರೆದ ಗ್ರಂಥವು 1936ರಲ್ಲಿ ಪ್ರಕಟವಾಯಿತು. ಅಲ್ಲಿನದು ಹಿಮಯುಗಕ್ಕಿಂತ ಕೋಟ್ಯಂತರ ವರ್ಷ ಹಿಂದಿನ ಕಡಲು. ಆದರೆ ಕಲ್ಲನ್ನು ತೆಳ್ಳಗೆ ಅರೆದು ಸೂಕ್ಷ್ಮದರ್ಶಕದಡಿಯಲ್ಲಿ ಸಾಕ್ಷಿಯನ್ನು ಹುಡುಕುವ ತಾಳ್ಮೆ ಮಾತ್ರ ಅದೇ ಬಗೆಯದು.

ಆಸ್ಟ್ರಿಡ್ ಕ್ಲೇವೆ 1968ರ ಏಪ್ರಿಲ್ 8ರಂದು ವೆಸ್ಟೆರೋಸ್ ನಗರದಲ್ಲಿ, ತಮ್ಮ ತೊಂಬತ್ತಮೂರನೆಯ ವಯಸ್ಸಿನಲ್ಲಿ ನಿಧನರಾದರು. ಆಕೆಯ ಮಗ ಉಲ್ಫ್ ಫಾನ್ ಆಯ್ಲರ್, ನರಗಳು ಸಂದೇಶ ಸಾಗಿಸುವ ರೀತಿಯನ್ನು ಕುರಿತ ಸಂಶೋಧನೆಗಾಗಿ 1970ರಲ್ಲಿ ನೊಬೆಲ್ ಪಾರಿತೋಷಿಕದಲ್ಲಿ ಪಾಲು ಪಡೆದರು. ತಾಯಿ ಅದನ್ನು ಕಾಣಲಿಲ್ಲ. ಬಾಲ್ಟಿಕ್ಕಿನ ತಳದಿಂದ ಇಂದಿಗೂ ಹಡಗುಗಳು ಮಣ್ಣಿನ ಕಂಬಗಳನ್ನು ಎತ್ತುತ್ತಿವೆ. ಆ ಮಣ್ಣಿನಲ್ಲಿ ದೊರೆಯುವ ಎಷ್ಟೋ ಡಯಾಟಮುಗಳ ಶಾಸ್ತ್ರೀಯ ನಾಮದ ತುದಿಯಲ್ಲಿ, ಅದನ್ನು ಮೊದಲು ವರ್ಣಿಸಿದವರ ಗುರುತಾಗಿ, ಕ್ಲೇವೆ ಎಂಬ ಹೆಸರಿದೆ. ಕೆಲವದರಲ್ಲಿ ಅದು ತಂದೆಯದು, ಕೆಲವದರಲ್ಲಿ ಮಗಳದು.